ಮನೆ ಮೂಲೆಯ ಹಳೇ ಜಾವಾ, ಲ್ಯಾಂಬ್ರೆಟಾ ಮಾರಬೇಕಾ? ಗುಜರಿಗೆ ತೂಗೋ ಮೊದಲು ಇದನ್ನ ಓದ್ರಿ

ಕೊಪ್ಪಳ: ನಮ್ಮ ಜಿಲ್ಲೆಯ ಹಳೇ ಮನೆಗಳ ದನದ ಕೊಟ್ಟಿಗೆ, ಅಂಗಡಿ ಹಿಂದಿನ ಖೋಲಿ, ರೈಸ್ ಮಿಲ್ ಗೋದಾಮಿನ ಮೂಲೆ ಹುಡುಕಿದರೆ ಗೋಣಿಚೀಲ ಹೊದ್ದು ನಿಂತ ಒಂದು ಗಾಡಿ ಸಿಕ್ಕರೂ ಸಿಗಬಹುದು. ಜಾವಾ, ಯೆಜ್ಡಿ, ಲ್ಯಾಂಬ್ರೆಟಾ, ಹಳೇ ಬಜಾಜ್, ರಾಜದೂತ್. ಅಜ್ಜನ ಕಾಲದ್ದು ಅಂತ ಯಾರೂ ಮುಟ್ಟಿಲ್ಲ. ಟೈರ್ ಸೀಳಿದೆ, ಇಂಜಿನ್ ಜಾಮ್ ಆಗಿದೆ, ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ.

ಇಂಥ ಗಾಡಿ ಕೇಳಿಕೊಂಡು ಎರಡು ತರದ ಜನ ಬರ್ತಾರೆ. ಒಬ್ಬ ಗುಜರಿಯವ, ಕೆಜಿ ಲೆಕ್ಕದಲ್ಲಿ ಕೇಳ್ತಾನೆ. ಇನ್ನೊಬ್ಬ ಹೊರಗಿನ ಊರಿನ ಹುಡುಗ. ಮೊಬೈಲ್‌ನಲ್ಲಿ ನಾಲ್ಕು ಫೋಟೊ ಹೊಡಕೊಂಡು "ಎಷ್ಟಕ್ಕೆ ಕೊಡ್ತೀರಿ ಯಜಮಾನ್ರೇ?" ಅಂತಾನೆ. ಮಾರೋರಿಗೆ ಬೆಲೆ ಗೊತ್ತಿರಲ್ಲ, ಕಾಗದ ಎಲ್ಲಿದೆ ಅಂತಲೂ ಗೊತ್ತಿರಲ್ಲ. ಕೈಗೆ ಬಂದಷ್ಟು ರೊಕ್ಕ ತಗೊಂಡು "ಜಾಗ ಆದ್ರೂ ಖಾಲಿ ಆಯ್ತು" ಅಂತ ಸುಮ್ಮನಾಗ್ತಾರೆ.

ಇದರಲ್ಲಿ ನಷ್ಟ ಎರಡು. ಒಂದು, ಬೆಲೆ ಇರೋ ಮಾಲು ಕಬ್ಬಿಣದ ರೇಟಿಗೆ ಹೋಗೋದು. ಎರಡನೇದು ಇದಕ್ಕಿಂತ ದೊಡ್ಡದು. ಆರ್‌ಸಿ ನಿಮ್ಮ ಹೆಸರಲ್ಲೇ ಉಳಿದು, ನಾಳೆ ಆ ಗಾಡಿ ಎಲ್ಲೋ ಅಪಘಾತ ಮಾಡಿದರೆ ಕೋರ್ಟ್ ನೋಟಿಸ್ ನಿಮ್ಮ ಮನೆ ಬಾಗಿಲಿಗೆ ಬರೋದು. ಈ ಎರಡೂ ಆಗದಂತೆ ಹಳೇ ಗಾಡಿ ಮಾರೋದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಯಾವ ಗಾಡಿಗೆ ಬೆಲೆ? ಯಾಕೆ?

ಮೊದಲು ನಮ್ಮ ರಾಜ್ಯದ್ದೇ ಗಾಡಿ. ಜಾವಾ ಮೂಲ ಚೆಕ್ ದೇಶದ್ದು. ಜಾನೆಚೆಕ್ ಅನ್ನೋ ಉದ್ಯಮಿ ಹೆಸರಿನ ಮೊದಲ ಅಕ್ಷರಗಳು, ವಾಂಡರರ್ ಅನ್ನೋ ಜರ್ಮನ್ ಕಂಪನಿ ಹೆಸರಿನ ಮೊದಲ ಅಕ್ಷರಗಳು ಕೂಡಿ 1929ರಲ್ಲಿ ಹುಟ್ಟಿದ ಹೆಸರು ಅದು. ಇಲ್ಲಿ ಅದನ್ನ ತಯಾರು ಮಾಡಿದ್ದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ. ರುಸ್ತುಂ ಇರಾನಿ, ಫಾರೂಕ್ ಇರಾನಿ ಕಟ್ಟಿದ ಈ ಕಂಪನಿ 1960ರ ದಶಕದ ಶುರುವಿನಿಂದ 250 ಸಿಸಿ ಜಾವಾ ಮಾಡ್ತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು, 1978ರಲ್ಲಿ ರೋಡ್‌ಕಿಂಗ್ ಬಂತು. ಕಾರ್ಖಾನೆ 1996ರಲ್ಲಿ ಬಂದ್ ಆಯ್ತು. ಈಗ ಶೋರೂಮಿನಲ್ಲಿ ಕಾಣೋ ಹೊಸ ಜಾವಾ 2018ರಲ್ಲಿ, ಹೊಸ ಯೆಜ್ಡಿ 2022ರಲ್ಲಿ ಬೇರೆ ಕಂಪನಿ ತಂದದ್ದು. ಹಳೇದಕ್ಕೂ ಇದಕ್ಕೂ ಹೆಸರು ಬಿಟ್ಟರೆ ಇಂಜಿನ್ ಸಂಬಂಧ ಇಲ್ಲ.

ಹಳೇ ಜಾವಾ ಗುರುತು ಹಿಡಿಯೋದು ಸುಲಭ. ಎರಡು ಸ್ಟ್ರೋಕ್ ಇಂಜಿನ್, ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್ ಆಗ್ತದೆ. ಈ ಕರಾಮತ್ತು ಬೇರೆ ಗಾಡಿಯಲ್ಲಿ ಇಲ್ಲಿನವರು ಕಂಡಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಲ್ಲಿ ಜಾವಾ ದಿನ ಅಂತ ಮಾಡ್ತಾರೆ. ನೂರಾರು ಹಳೇ ಗಾಡಿ ಸಾಲಾಗಿ ನಿಲ್ತಾವೆ. ಕೊಳ್ಳೋರು ಅಲ್ಲಿದ್ದಾರೆ, ಮಾಲು ನಮ್ಮ ಹಳ್ಳಿಗಳಲ್ಲಿದೆ. ಹಂಗಾಗಿ ಫೋಟೊ ಹೊಡೆಯೋ ಹುಡುಗರು ಇಲ್ಲಿ ತನಕ ಬರ್ತಾರೆ.

ಎರಡನೇ ಸಾಲಿನವು ಇಟಲಿ ಮೂಲದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಜನರ ಹತ್ತಿರ ರೊಕ್ಕ ಇರಲಿಲ್ಲ, ಪೆಟ್ರೋಲೂ ತುಟ್ಟಿ. ಪಿಯಾಜಿಯೊ ಕಂಪನಿ 1946ರಲ್ಲಿ ವೆಸ್ಪಾ ತಂತು, ಮಿಲಾನ್‌ನ ಇನ್ನೊಸೆಂಟಿ ಕಂಪನಿ 1947ರಲ್ಲಿ ಲ್ಯಾಂಬ್ರೆಟಾ ತಂತು. ವೆಸ್ಪಾ ಅಂದ್ರೆ ಆ ಭಾಷೆಯಲ್ಲಿ ಕಣಜ. ಇವತ್ತು ಗಂಗಾವತಿಯಿಂದ ಕಾರಟಗಿಗೆ, ಕುಷ್ಟಗಿಯಿಂದ ತಾವರಗೇರಾಕ್ಕೆ ಜನರನ್ನ ತುಂಬಿಕೊಂಡು ಓಡೋ 'ಆಪೆ' ಕೂಡ ಅದೇ ಪಿಯಾಜಿಯೊದ್ದು. ಆಪೆ ಅಂದ್ರೆ ಜೇನುಹುಳ. ನಮ್ಮ ಹಳೇ ಲೂನಾ ಕೂಡ ಪಿಯಾಜಿಯೊದ ಚಾವೊ ಅನ್ನೋ ಮೊಪೆಡ್ ನೋಡಿ ಮಾಡಿದ್ದು.

ಭಾರತದಲ್ಲಿ ವೆಸ್ಪಾವನ್ನ ಬಜಾಜ್, ಲ್ಯಾಂಬ್ರೆಟಾವನ್ನ ಮುಂಬೈನ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ತಯಾರಿಸಿದವು. ಪಿಯಾಜಿಯೊ ಜೊತೆಗಿನ ಒಪ್ಪಂದ ಮುಗಿದ ಮೇಲೆ ಬಜಾಜ್ 1972ರಲ್ಲಿ ಚೇತಕ್ ತಂತು. ಅದೇ ವರ್ಷ ಶುರುವಾದ ಸರ್ಕಾರಿ ಕಂಪನಿ ಸ್ಕೂಟರ್ಸ್ ಇಂಡಿಯಾ, ಇನ್ನೊಸೆಂಟಿಯ ಯಂತ್ರಗಳನ್ನೇ ಕೊಂಡು ಲಖನೌಗೆ ತಂದು ಲ್ಯಾಂಬ್ರೆಟಾ, ವಿಜಯ್ ಸೂಪರ್ ಮಾಡ್ತು. ಇಟಲಿಯಲ್ಲಿ ನಿಂತುಹೋದ ಗಾಡಿ ಇಲ್ಲಿ ಇನ್ನೂ ತಯಾರಾಗ್ತಿದ್ದರಿಂದ ಇಂಗ್ಲೆಂಡಿನ ಹವ್ಯಾಸಿಗಳು ಇಲ್ಲಿಂದ ಲ್ಯಾಂಬ್ರೆಟಾ ತರಿಸಿಕೊಂಡದ್ದೂ ಉಂಟು.

ಮೂರನೇ ಸಾಲಿನಲ್ಲಿ ಯಮಹಾ ಆರ್‌ಎಕ್ಸ್ 100, ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ 350. ಆರ್‌ಎಕ್ಸ್ 100 ಬಗ್ಗೆ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ.

ಸಣ್ಣ ಇಂಜಿನ್ ಗಾಡಿಗೆ ದೊಡ್ಡ ಬೆಲೆ ಹೆಂಗೆ?

"ನೂರು ಸಿಸಿ ಗಾಡಿ, ಅದೂ ಕೆಟ್ಟದ್ದು, ಅದಕ್ಯಾಕೆ ಅಷ್ಟು ರೊಕ್ಕ?" ಅಂತ ಕೇಳೋರಿದ್ದಾರೆ. ಇದಕ್ಕೆ ಇಟಲಿಯಲ್ಲೇ ಒಳ್ಳೇ ಉದಾಹರಣೆ ಇದೆ. 1953ರಿಂದ 1957ರ ತನಕ ಅಲ್ಲಿ ಮೋಟೊಜಿರೊ ಅಂತ ಊರಿಂದೂರಿಗೆ ರಸ್ತೆ ಮೇಲೇ ಬೈಕ್ ರೇಸ್ ನಡೀತಿತ್ತು. ಅದರಲ್ಲಿ ಓಡ್ತಿದ್ದದ್ದು 175 ಸಿಸಿ ಒಳಗಿನ ಸಣ್ಣ ಗಾಡಿಗಳು. ಡುಕಾಟಿ ಕಂಪನಿಗೆ ಹೆಸರು ತಂದದ್ದು ಫಾಬಿಯೊ ತಾಲಿಯೋನಿ ಅನ್ನೋ ಇಂಜಿನಿಯರ್ ಈ ರೇಸಿಗಾಗಿ ಮಾಡಿದ 100 ಸಿಸಿ ಗ್ರಾನ್ ಸ್ಪೋರ್ಟ್ ಗಾಡಿ. 1957ರಲ್ಲಿ ಮಿಲ್ಲೆ ಮಿಲ್ಯಾ ಅನ್ನೋ ಕಾರ್ ರೇಸಿನಲ್ಲಿ ದೊಡ್ಡ ಅಪಘಾತ ಆಗಿ ನೋಡೋಕೆ ನಿಂತಿದ್ದ ಜನ ಸತ್ತರು. ಅಲ್ಲಿಗೆ ರಸ್ತೆ ರೇಸುಗಳ ಕಾಲ ಮುಗೀತು. ಗಾಡಿಗಳು ಕೊಟ್ಟಿಗೆ ಸೇರಿದವು. ಇವತ್ತು ಅವೇ ಸಣ್ಣ ಗಾಡಿಗಳನ್ನ, ಇಂಜಿನ್ ಕಟ್ಟಿದ್ದರೂ, ಜನ ಹುಡುಕಿ ಕೊಳ್ತಾರೆ.

ಅಲ್ಲಿ ನಡೆಯೋ ಲೆಕ್ಕ ಇಲ್ಲೂ ಅದೇ. ಹಳೇ ಗಾಡಿ ಬೆಲೆ ನಿಲ್ಲೋದು ಮೂರರ ಮೇಲೆ: ಉಳಿದಿರೋವು ಎಷ್ಟು ಕಡಿಮೆ, ಮೂಲ ಸಾಮಾನು ಎಷ್ಟು ಉಳಿದಿದೆ, ಕಾಗದ ಎಷ್ಟು ಪಕ್ಕಾ. ಇಂಜಿನ್ ಓಡ್ತದೋ ಇಲ್ಲವೋ ಅನ್ನೋದು ನಾಲ್ಕನೇದು. ಮೊದಲ ಮೂರು ಸರಿ ಇದ್ದರೆ ನಿಂತ ಗಾಡಿಗೂ ಗಿರಾಕಿ ಸಿಗ್ತಾರೆ. ಕಾಗದವೇ ಇಲ್ಲದಿದ್ದರೆ ಓಡೋ ಗಾಡಿಯೂ ಬಿಡಿಭಾಗದ ಬೆಲೆಗೇ ಹೋಗ್ತದೆ.

ಮೊದಲು ಕಬ್ಬಿಣದ ಟ್ರಂಕ್ ತೆಗೀರಿ

ಗಾಡಿಗಿಂತ ಮೊದಲು ಆರ್‌ಸಿ ಹುಡುಕ್ರಿ. ಹಳೇ ಆರ್‌ಸಿ ಅಂದ್ರೆ ಕಾರ್ಡ್ ಅಲ್ಲ, ಸಣ್ಣ ಪುಸ್ತಕ. ಮನೆ ಪತ್ರ, ಉತಾರ ಇಡೋ ಟ್ರಂಕಿನಲ್ಲೇ ಇರ್ತದೆ. ಅದರ ಜೊತೆಗೆ ಟ್ಯಾಕ್ಸ್ ಕಟ್ಟಿದ ರಸೀದಿ, ಹಳೇ ಇನ್ಶೂರೆನ್ಸ್, ಶೋರೂಂ ಬಿಲ್ ಏನು ಸಿಕ್ಕರೂ ಎತ್ತಿಡ್ರಿ. ಹಳೇ ಬಿಲ್ಲಿಗೂ ಕೊಳ್ಳೋರ ಹತ್ತಿರ ಬೆಲೆ ಇದೆ.

ಇಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದ ವಿಷಯ ಒಂದಿದೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕು ರಾಯಚೂರು ಜಿಲ್ಲೆಯಲ್ಲಿದ್ದವು. ಹಂಗಾಗಿ ಅಜ್ಜನ ಗಾಡಿ ನಂಬರ್ ಕೆಎ 37 ಇರೋದಿಲ್ಲ. ಕೆಎ 36 ಇರಬಹುದು, ಇಲ್ಲವೇ ಅದಕ್ಕೂ ಹಿಂದಿನ ಎಂವೈ, ಎಂಇ, ಸಿಎ ಅಕ್ಷರದಿಂದ ಶುರುವಾಗೋ ನಂಬರ್ ಇರಬಹುದು. ಇಂಥ ಗಾಡಿ ದಾಖಲೆ ಕೊಪ್ಪಳದ ಆರ್‌ಟಿಓ ಕಚೇರಿಯಲ್ಲಿ ಸಿಗದಿದ್ದರೆ ಗಾಬರಿ ಆಗಬೇಡಿ. ಆರ್‌ಸಿ ಮೇಲೆ ಯಾವ ಕಚೇರಿ ಸೀಲ್ ಇದೆಯೋ ಅಲ್ಲಿ ವಿಚಾರಿಸ್ರಿ. ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ತಂದ ಗಾಡಿಯಾದರೆ ದಾಖಲೆ ಆ ಕಡೆ ಇರ್ತದೆ.

ಪರಿವಾಹನ್ ವೆಬ್‌ಸೈಟ್‌ನಲ್ಲಿ ಅಥವಾ ಎಂ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡ್ರಿ. ಬಂದರೆ ಒಳ್ಳೇದು. ಬರಲಿಲ್ಲ ಅಂದ್ರೆ ಗಾಡಿ ಕಳ್ಳ ಮಾಲು ಅಂತಲ್ಲ. ಕಂಪ್ಯೂಟರ್ ಬರೋ ಮೊದಲಿನ ರಿಜಿಸ್ಟರ್ ಪುಸ್ತಕದಲ್ಲೇ ದಾಖಲೆ ಉಳಿದಿರಬಹುದು. ಮೂಲ ಆರ್‌ಸಿ ತೋರಿಸಿ ಅದನ್ನ ಆನ್‌ಲೈನ್‌ಗೆ ಏರಿಸಿಕೊಡಿ ಅಂತ ಅರ್ಜಿ ಕೊಡಬೇಕು. ಕಚೇರಿಯಲ್ಲಿ ಇದಕ್ಕೆ 'ಬ್ಯಾಕ್‌ಲಾಗ್ ಎಂಟ್ರಿ' ಅಂತಾರೆ. ಆರ್‌ಸಿ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಆರ್‌ಸಿ ಕೇಳಬೇಕು.

ಆಮೇಲೆ ಗಾಡಿ ಮೇಲಿನ ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿ ಜೊತೆ ಹೊಂದ್ತದಾ ನೋಡ್ರಿ. ನಂಬರ್ ಮೇಲೆ ತುಕ್ಕು ಇದ್ದರೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸ್ರಿ. ಗ್ರೈಂಡರ್, ಅರ ಹಾಕಬೇಡಿ. ಅಕ್ಷರ ಸವೆದರೆ ಗಾಡಿ ಮೇಲೆ ಅನುಮಾನ ಬರ್ತದೆ, ಬೆಲೆ ಅಲ್ಲೇ ಬೀಳ್ತದೆ. ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಇಟ್ಟುಕೊಳ್ರಿ.

ಆರ್‌ಸಿ ತೀರಿಕೊಂಡವರ ಹೆಸರಲ್ಲಿದ್ದರೆ

ನಮ್ಮ ಕಡೆ ಬಹಳ ಗಾಡಿಗಳ ಕತೆ ಇದೇ. ಅಜ್ಜ ಹೋಗಿ ಇಪ್ಪತ್ತು ವರ್ಷ ಆಗಿರ್ತದೆ, ಆರ್‌ಸಿ ಇನ್ನೂ ಅಜ್ಜನದ್ದೇ. ಮೊಮ್ಮಗ ಸಹಿ ಮಾಡಿ ಮಾರಿದರೆ ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ.

ಮಾಲೀಕ ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಕೊಡಬೇಕು ಅನ್ನೋದು ನಿಯಮ. ತಡ ಆಗಿದ್ದರೂ ದಾರಿ ಇದೇ ಫಾರಂ. ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಬೇರೆ ವಾರಸುದಾರರ ಒಪ್ಪಿಗೆ ಅಫಿಡವಿಟ್ ಬೇಕಾಗ್ತದೆ.

ಒಪ್ಪಿಗೆ ವಿಷಯ ಹಗುರ ಅಂತ ತಿಳೀಬೇಡಿ. ಗಾಡಿ ಕೊಟ್ಟಿಗೆಯಲ್ಲಿ ಬಿದ್ದಿದ್ದಾಗ ಯಾರಿಗೂ ಬೇಡ. ಒಳ್ಳೇ ಬೆಲೆ ಬಂತು ಅಂತ ಗೊತ್ತಾದ ಕೂಡಲೇ ಕಾಕಾ, ದೊಡ್ಡಪ್ಪ, ಅತ್ತೆ ಎಲ್ಲರಿಗೂ ನೆನಪಾಗ್ತದೆ. ಮಾರೋ ಮೊದಲೇ ಎಲ್ಲರನ್ನೂ ಕೂರಿಸಿ ಮಾತಾಡಿ ಸಹಿ ತಗೊಳ್ಳೋದು ಮನೆತನಕ್ಕೂ ಒಳ್ಳೇದು, ವ್ಯವಹಾರಕ್ಕೂ ಒಳ್ಳೇದು.

'15 ವರ್ಷ ಆದ ಗಾಡಿ ಓಡಿಸಂಗಿಲ್ಲ' ಅನ್ನೋ ಮಾತು

ಗುಜರಿ ವ್ಯಾಪಾರಿಗಳು ಬೆಲೆ ಇಳಿಸೋಕೆ ಹೇಳೋ ಮೊದಲ ಮಾತು ಇದು. "ಸರ್ಕಾರ ಬಂದ್ ಮಾಡೇತ್ರಿ, ಇನ್ನು ಸೀಜ್ ಮಾಡ್ತಾರ, ಕೊಟ್ಟುಬಿಡ್ರಿ" ಅಂತಾರೆ. 15 ವರ್ಷದ ಪೆಟ್ರೋಲ್ ಗಾಡಿ, 10 ವರ್ಷದ ಡೀಸೆಲ್ ಗಾಡಿ ಮೇಲಿನ ಆ ನಿರ್ಬಂಧ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗೋದು ಬೇರೆ ನಿಯಮ. ನಮ್ಮ ಕಡೆ ಖಾಸಗಿ ಬೈಕ್‌ಗೆ 15 ವರ್ಷ ಆದ ಮೇಲೆ ನೋಂದಣಿ ನವೀಕರಣ ಮಾಡಿಸಬೇಕು, ಅಷ್ಟೇ. ಒಂದು ಸಲ ಮಾಡಿಸಿದರೆ 5 ವರ್ಷ ನಡೀತದೆ.

ನವೀಕರಣಕ್ಕೆ ಫಾರಂ 25. ಗಾಡಿಯನ್ನ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕು. ಲೈಟು, ಹಾರ್ನು, ಬ್ರೇಕು ಕೆಲಸ ಮಾಡಬೇಕು. ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಇರಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶುಲ್ಕ ಏರಿಸಿತು. 20 ವರ್ಷ ದಾಟಿದ ಬೈಕ್‌ಗೆ ನವೀಕರಣ ಶುಲ್ಕ ಈಗ 2,000 ರೂಪಾಯಿ, ಅದರ ಮೇಲೆ ತೆರಿಗೆ ಬೇರೆ. ತಡವಾದ ಪ್ರತಿ ತಿಂಗಳಿಗೆ ಬೈಕ್‌ಗೆ 300 ರೂಪಾಯಿ ಹೆಚ್ಚುವರಿ ಅಂತ 2022ರ ಏಪ್ರಿಲ್‌ನಿಂದ ನಿಯಮ ಇದೆ. ರಾಜ್ಯದ ಹಸಿರು ತೆರಿಗೆಯೂ ಸೇರ್ತದೆ. ಹತ್ತಾರು ವರ್ಷ ನಿಂತ ಗಾಡಿಗೆ ಈ ಮೊತ್ತ ಸಣ್ಣದಲ್ಲ. ಅದಕ್ಕೇ ಮಾತುಕತೆಗೆ ಕೂರೋ ಮೊದಲೇ ಕಚೇರಿಗೆ ಹೋಗಿ ನಿಮ್ಮ ಗಾಡಿ ಲೆಕ್ಕ ಎಷ್ಟಾಗ್ತದೆ ಅಂತ ಬರೆಸಿಕೊಂಡು ಬರ್ರಿ. ಆ ಖರ್ಚು ಯಾರದು ಅನ್ನೋದನ್ನ ಬೆಲೆ ಜೊತೆಗೇ ತೀರ್ಮಾನ ಮಾಡಬೇಕು.

50 ವರ್ಷ ದಾಟಿದ್ದರೆ ಇನ್ನೊಂದು ದಾರಿ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ, ಚಾಸಿ ಇಂಜಿನ್ ಬದಲಾಯಿಸದ ಬೈಕ್ ಮತ್ತು ಕಾರುಗಳಿಗೆ ಇದು. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ಆಮೇಲೆ ಮತ್ತೆ ನೋಂದಣಿಗೆ 5,000 ರೂಪಾಯಿ. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ 'ವಿಎ' ಅಂತ ಬರ್ತದೆ. ಮೊದಲೇ ನೋಂದಣಿ ಇದ್ದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ಆದರೆ ಇದು ದಿನಾ ಓಡಿಸೋಕೆ ಅಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸೋದು, ರಿಪೇರಿಗೆ ಒಯ್ಯೋದು, ಇಷ್ಟಕ್ಕೆ ಮಾತ್ರ. ಇದರಲ್ಲಿ ಹಾಲಿನ ಕ್ಯಾನ್ ಹೊರೋ ಹಂಗಿಲ್ಲ. ಹಂಗಾಗಿ ಮಾರೋರು 20,000 ಖರ್ಚು ಮಾಡೋ ಅಗತ್ಯ ಇಲ್ಲ. ಅದು ಕೊಳ್ಳೋ ಹವ್ಯಾಸಿಯ ಕೆಲಸ. ಆದರೆ ನಿಮ್ಮ ಗಾಡಿಗೆ ಆ ಅರ್ಹತೆ ಇದೆ ಅನ್ನೋದು ಗೊತ್ತಿದ್ದರೆ ಬೆಲೆ ಮಾತಾಡುವಾಗ ದನಿ ಗಟ್ಟಿ ಇರ್ತದೆ. ಜಾವಾ ಹೆಸರಿನ ಹಳೇ ಗಾಡಿಗಳು ಈ ಲೆಕ್ಕಕ್ಕೆ ಬರ್ತಾವೆ. ರೋಡ್‌ಕಿಂಗ್‌ಗಳಿಗೆ ಇನ್ನೂ ಸಮಯ ಇದೆ. 1978ರ ಮೊದಲ ಗಾಡಿಗೂ 50 ತುಂಬೋದು 2028ಕ್ಕೆ.

ರಿಪೇರಿ ಮಾಡಿಸಿ ಮಾರೋದಾ, ಹಂಗೇ ಮಾರೋದಾ?

ಬಹಳ ಮಂದಿ ಮಾಡೋ ಕೆಲಸ ಅಂದ್ರೆ ಮೊದಲು ಗಾಡಿಗೆ ಹೊಸ ಬಣ್ಣ ಹೊಡೆಸೋದು. ಹಳೇ ಗಾಡಿ ಕೊಳ್ಳೋರಿಗೆ ಇದು ಬೇಡವೇ ಬೇಡ. ಮೂಲ ಬಣ್ಣ ಮಾಸಿದ್ದರೂ ಅವರಿಗೆ ಅದೇ ಬೇಕು. ಹೊಸ ಬಣ್ಣದ ಕೆಳಗೆ ಏನು ಮುಚ್ಚಿಟ್ಟಿದ್ದಾರೋ ಅನ್ನೋ ಅನುಮಾನವೂ ಬರ್ತದೆ. ಟ್ಯಾಂಕ್, ಹೆಡ್‌ಲೈಟ್ ಡೂಮು, ಅದರೊಳಗಿನ ಮೀಟರು, ಮಡ್‌ಗಾರ್ಡ್, ಸೀಟು, ಸೈಲೆನ್ಸರ್ ಇವು ಮೂಲದವೇ ಇದ್ದರೆ ಹಂಗೇ ಬಿಡ್ರಿ. ಬಿಚ್ಚಿಟ್ಟ ಸಾಮಾನು ಅಟ್ಟದ ಮೇಲಿದ್ದರೆ, ಮುರಿದಿದ್ದರೂ, ಒಂದು ಚೀಲದಲ್ಲಿ ಹಾಕಿ ಗಾಡಿ ಜೊತೆಗೇ ಕೊಡ್ರಿ. ನಿಮಗೆ ಕಸ ಅನಿಸಿದ ಒಂದು ಲಿವರ್‌ಗಾಗಿ ಕೊಳ್ಳೋನು ವರ್ಷಗಟ್ಟಲೆ ಹುಡುಕ್ತಿರ್ತಾನೆ.

ಇಂಜಿನ್ ವಿಷಯಕ್ಕೆ ಬಂದರೆ, ಜಾಮ್ ಆದ ಗಾಡಿಗೆ ಜೋರಾಗಿ ಕಿಕ್ ಹೊಡೀಬೇಡಿ. ತುಕ್ಕಿಗೆ ಪಿಸ್ಟನ್ ರಿಂಗು ಬೋರಿಗೆ ಹಿಡಿದಿರ್ತಾವೆ. ಜೋರು ಮಾಡಿದರೆ ರಿಂಗ್ ಮುರಿದು ಬೋರ್ ಗೀರ್ತದೆ, ಸಣ್ಣ ಕೆಲಸ ದೊಡ್ಡದಾಗ್ತದೆ. ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಕೆಲವು ದಿನ ಬಿಡ್ರಿ. ಆಮೇಲೆ ಗೇರ್ ಹಾಕಿ ಹಿಂದಿನ ಗಾಲಿಯನ್ನ ಕೈಯಿಂದ ಮೆಲ್ಲಗೆ ಮುಂದೆ ಹಿಂದೆ ಆಡಿಸ್ರಿ. ಬಿಟ್ಟುಕೊಂಡರೆ "ಇಂಜಿನ್ ತಿರುಗ್ತದೆ" ಅಂತ ಹೇಳಬಹುದು. ಆ ಒಂದು ಮಾತಿಗೆ ಬೆಲೆ ಇದೆ.

ಎರಡು ಸ್ಟ್ರೋಕ್ ಇಂಜಿನ್‌ಗೆ ಆಯಿಲನ್ನ ಪೆಟ್ರೋಲ್ ಜೊತೆ ಬೆರೆಸಿ ಹಾಕಬೇಕು ಅನ್ನೋದು ಈಗಿನ ಹುಡುಗರಿಗೆ ಗೊತ್ತಿಲ್ಲ. ಬರೀ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ ಓಡಿಸಿದರೆ ಸ್ವಲ್ಪ ಹೊತ್ತಿಗೇ ಪಿಸ್ಟನ್ ಕಚ್ಚಿಕೊಳ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ರ್ಯಾಂಕ್ ಪಕ್ಕದ ರಬ್ಬರ್ ಆಯಿಲ್ ಸೀಲು ಒಣಗಿರ್ತಾವೆ. ಸ್ಟಾರ್ಟ್ ಆದರೂ ಐಡಲ್‌ನಲ್ಲಿ ನಿಲ್ಲಲ್ಲ. ಪಾಯಿಂಟು, ಕಂಡೆನ್ಸರ್ ಹೋಗಿದ್ದರೆ ಕರೆಂಟೇ ಬರಲ್ಲ. ಇವೆಲ್ಲ ಗೊತ್ತಿರೋ ಹಳೇ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅಂಥವರಿಗೆ ಒಂದು ಸಲ ತೋರಿಸಿ ಏನೇನು ಹೋಗಿದೆ ಅಂತ ಪಟ್ಟಿ ಮಾಡಿಸ್ರಿ. ಅವರ ಕೂಲಿ ಕೊಡ್ರಿ.

ಪೂರ್ತಿ ರಿಪೇರಿ ಮಾಡಿಸಿ ಮಾರಿದರೆ ಲಾಭ ಆಗ್ತದಾ? ಸಾಮಾನ್ಯವಾಗಿ ಹಾಕಿದ ರೊಕ್ಕ ಪೂರ್ತಿ ವಾಪಸ್ ಬರಲ್ಲ. ಬೋರ್ ಮಾಡಿಸೋದು, ಕ್ರ್ಯಾಂಕ್ ಕೆಲಸ, ನಿಕ್ಕಲ್ ಪಾಲಿಶ್, ಟಿಂಕರಿಂಗ್ ಅಂತ ಖರ್ಚು ಬೆಳೀತಾ ಹೋಗ್ತದೆ. ಕೊಳ್ಳೋನು "ನಾನು ನನ್ನ ಮೇಸ್ತ್ರಿ ಹತ್ರನೇ ಮಾಡಿಸ್ತೀನಿ" ಅಂತಾನೆ. ತೊಳೆದು, ಟೈರಿಗೆ ಗಾಳಿ ಹಿಡಿಸಿ, ತಳ್ಳಿದರೆ ಉರುಳೋ ಹಂಗೆ ಮಾಡಿ, ಕಾಗದ ಸರಿ ಮಾಡಿ ಮಾರೋದು ಹೆಚ್ಚಿನವರಿಗೆ ಸರಿಯಾದ ದಾರಿ.

ಬೆಲೆ ಹೇಳೋದು, ದೋಷ ಹೇಳೋದು

ಒಬ್ಬನೇ ಗಿರಾಕಿ ಹೇಳಿದ ಬೆಲೆಗೆ ಒಪ್ಪಬೇಡಿ. ಅದೇ ಮಾಡೆಲ್, ಹೆಚ್ಚುಕಮ್ಮಿ ಅದೇ ವರ್ಷದ ಗಾಡಿಗಳನ್ನ ಆನ್‌ಲೈನ್‌ನಲ್ಲಿ ಎಷ್ಟಕ್ಕೆ ಹಾಕಿದ್ದಾರೆ ಅಂತ ಹತ್ತು ಕಡೆ ನೋಡ್ರಿ. ಅಲ್ಲಿ ಹಾಕಿದ್ದು ಕೇಳೋ ಬೆಲೆ, ಕೈಗೆ ಬಂದ ಬೆಲೆ ಅಲ್ಲ ಅನ್ನೋದು ನೆನಪಿರಲಿ. ತಿಂಗಳುಗಟ್ಟಲೆ ಹಂಗೇ ಇರೋ ಜಾಹೀರಾತು ಅಂದ್ರೆ ಆ ಬೆಲೆಗೆ ಯಾರೂ ಕೊಂಡಿಲ್ಲ ಅಂತ ಅರ್ಥ. ಓಡೋ ಗಾಡಿ ಬೆಲೆಯಲ್ಲಿ ನಿಮ್ಮ ಮೇಸ್ತ್ರಿ ಹೇಳಿದ ರಿಪೇರಿ ಖರ್ಚು, ಆರ್‌ಟಿಓ ಖರ್ಚು ಕಳೀರಿ. ಉಳಿದದ್ದು ನಿಮ್ಮ ಗಾಡಿ ಬೆಲೆಗೆ ಹತ್ತಿರ ಬರ್ತದೆ.

ದೋಷ ಮುಚ್ಚಿಡಬೇಡಿ. ಹಗಲು ಬೆಳಕಿನಲ್ಲಿ ಎಡ, ಬಲ, ಮುಂದೆ, ಹಿಂದೆ, ಇಂಜಿನ್, ಟ್ಯಾಂಕ್ ಒಳಗೆ, ತುಕ್ಕು ಇರೋ ಜಾಗ ಎಲ್ಲದರ ಫೋಟೊ ತೆಗೀರಿ. "ಇಂಜಿನ್ ತಿರುಗ್ತದೆ, ಸ್ಟಾರ್ಟ್ ಮಾಡಿಲ್ಲ. ಬಲ ಸೈಲೆನ್ಸರ್ ಮೂಲದ್ದಲ್ಲ. ಆರ್‌ಸಿ ಇದೆ, ನವೀಕರಣ ಆಗಿಲ್ಲ" ಅಂತ ಇದ್ದದ್ದು ಇದ್ದಂಗೆ ಬರೀರಿ. ಇನ್ನೂರು ಕಿಲೋಮೀಟರ್ ದೂರದಿಂದ ಬಂದವನು ಇಲ್ಲಿ ಬಂದು ಹೊಸ ದೋಷ ಕಂಡರೆ ಅದನ್ನೇ ಹಿಡಿದು ಬೆಲೆ ಅರ್ಧ ಮಾಡ್ತಾನೆ. ಮೊದಲೇ ಹೇಳಿದ್ದರೆ ಆ ಅವಕಾಶ ಇರಲ್ಲ. ಆದರೆ ಆರ್‌ಸಿ, ಆಧಾರ್ ಫೋಟೊ ಮಾತ್ರ ಆನ್‌ಲೈನ್‌ನಲ್ಲಿ ಹಾಕಬೇಡಿ. ಚಾಸಿ ನಂಬರಿನ ಕೊನೇ ಅಂಕಿಗಳನ್ನೂ ಮುಚ್ಚಿ ಹಾಕ್ರಿ.

ಆನ್‌ಲೈನ್‌ನಲ್ಲಿ ಹಾಕಿದ ಕೂಡಲೇ ಬರೋ ಕೆಲವು ಫೋನಿನ ಬಗ್ಗೆ ಎಚ್ಚರ. ಗಾಡಿ ನೋಡದೇ, ಚೌಕಾಸಿ ಮಾಡದೇ "ನಾನು ಮಿಲಿಟರಿಯಲ್ಲಿದ್ದೀನಿ, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದ್ರೆ ಅದು ಮೋಸ. ರೊಕ್ಕ ನಿಮ್ಮ ಖಾತೆಗೆ ಬರೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ರೊಕ್ಕ ನಿಮ್ಮ ಖಾತೆಯಿಂದಲೇ ಹೋಗ್ತದೆ. ಅಂಗಡಿಕಾರರಿಗೆ ಇದು ಗೊತ್ತು, ಮನೆ ಹಿರಿಯರಿಗೆ ಹೇಳಿ ಇಡ್ರಿ. ಹಂಗೇನಾದ್ರೂ ಆದರೆ ತಡ ಮಾಡದೇ 1930ಕ್ಕೆ ಫೋನ್ ಮಾಡ್ರಿ.

ಗಾಡಿ ಕೊಟ್ಟ ದಿನ ಮಾಡಲೇಬೇಕಾದದ್ದು

ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 6ರಂದು ಒಂದು ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ಒಂದು ಕಾರು ಒಬ್ಬರಿಂದ ಒಬ್ಬರಿಗೆ ಮಾರಾಟ ಆಗ್ತಾ ಹೋಗಿತ್ತು, ಆರ್‌ಸಿ ಮಾತ್ರ ಮೊದಲ ಮಾಲೀಕನ ಹೆಸರಲ್ಲೇ ಉಳಿದಿತ್ತು. ಅಪಘಾತ ಆಯ್ತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಪ್ರಕಾರ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ ಕೋರ್ಟ್ ಹೇಳಿತು. ಮಾರಿ ವರ್ಷಗಳಾಗಿವೆ ಅನ್ನೋ ಮಾತು ನಡೀಲಿಲ್ಲ. ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಈ ಪರಿಹಾರ ಸ್ವಂತ ಜೇಬಿನಿಂದ ಕೊಡಬೇಕಾಗ್ತದೆ. ಮಾರಿದ ಗಾಡಿಗೆ ಬಂದ ಬೆಲೆಯ ಎಷ್ಟೋ ಪಟ್ಟು ಅದು.

ಹಂಗಾಗಿ ಹೊಲದ ಬದುವಿನ ಮೇಲೆ ನಿಂತು ಖಾಲಿ ಫಾರಂಗೆ ಸಹಿ ಹಾಕಿ ಕೊಡೋ ಪದ್ಧತಿ ಬಿಡ್ರಿ. ಮಾಡಬೇಕಾದದ್ದು ಇಷ್ಟು:

ಒಂದು, ಫಾರಂ 29 ಮತ್ತು ಫಾರಂ 30. 29 ಅಂದ್ರೆ ಮಾರಿದ್ದೀನಿ ಅಂತ ನೀವು ಆರ್‌ಟಿಓಗೆ ಕೊಡೋ ತಿಳಿವಳಿಕೆ. ರಾಜ್ಯದ ಒಳಗೆ ಮಾರಿದರೆ 14 ದಿನ, ಹೊರ ರಾಜ್ಯಕ್ಕಾದರೆ 45 ದಿನದೊಳಗೆ ಕೊಡಬೇಕು. 30 ಅಂದ್ರೆ ಹೆಸರು ಬದಲಾವಣೆ ಅರ್ಜಿ, ಕೊಂಡವರು 30 ದಿನದೊಳಗೆ ಹಾಕಬೇಕು. ಎಲ್ಲ ಖಾಲಿ ಜಾಗ ತುಂಬಿ, ತಾರೀಖು ಹಾಕಿಯೇ ಸಹಿ ಮಾಡ್ರಿ. 29ರ ಒಂದು ಪ್ರತಿಗೆ ಕಚೇರಿ ಸೀಲ್ ಹಾಕಿಸಿ ಇಟ್ಟುಕೊಳ್ರಿ.

ಎರಡು, ಕೊಂಡವರು ಆಂಧ್ರ, ತೆಲಂಗಾಣ, ಮಹಾರಾಷ್ಟ್ರದವರಾದರೆ ಫಾರಂ 28ರಲ್ಲಿ ಎನ್‌ಓಸಿ ಬೇಕು. ಎನ್‌ಓಸಿ ಸಿಗೋ ತನಕ ಗಾಡಿ ಕೊಡದಿದ್ದರೆ ಒಳ್ಳೇದು.

ಮೂರು, ಮಾರಾಟ ಪತ್ರ. ಎರಡೂ ಕಡೆ ಹೆಸರು, ವಿಳಾಸ, ಚಾಸಿ ನಂಬರ್, ಇಂಜಿನ್ ನಂಬರ್, ಬೆಲೆ, ಗಾಡಿ ಕೊಟ್ಟ ದಿನ ಮತ್ತು ಗಂಟೆ, "ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಂಡಿದ್ದೇನೆ" ಅನ್ನೋ ಸಾಲು, ಇಬ್ಬರು ಸಾಕ್ಷಿ. ಕೊಂಡವರ ಗುರುತಿನ ಚೀಟಿ ಪ್ರತಿ ಮೇಲೆ ಅವರದ್ದೇ ಸಹಿ. ರೊಕ್ಕ ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದರೆ ಅದೇ ಒಂದು ದಾಖಲೆ.

ನಾಲ್ಕು, ನವೀಕರಣ ಆಗದ ಗಾಡಿಯ ಸಿಕ್ಕು. ಗಾಡಿ ನಿಂತಿದೆ, ಅದಕ್ಕೆ ತಪಾಸಣೆ ಆಗಲ್ಲ. ತಪಾಸಣೆ ಇಲ್ಲದೇ ನವೀಕರಣ ಇಲ್ಲ, ನವೀಕರಣ ಇಲ್ಲದೇ ಹೆಸರು ಬದಲಾವಣೆ ಕಷ್ಟ. ಇಂಥ ಹೊತ್ತಿನಲ್ಲಿ ರಿಪೇರಿ, ನವೀಕರಣ, ವರ್ಗಾವಣೆ ಎಷ್ಟು ದಿನದಲ್ಲಿ ಯಾರು ಮಾಡಿಸ್ತಾರೆ ಅಂತ ಮಾರಾಟ ಪತ್ರದಲ್ಲೇ ಬರೀರಿ. ಬೆಲೆಯ ಒಂದು ಭಾಗವನ್ನ ಅಥವಾ ಮೂಲ ಆರ್‌ಸಿಯನ್ನ ಆ ಕೆಲಸ ಮುಗಿಯೋ ತನಕ ಯಾರು ಇಟ್ಟುಕೊಳ್ಳಬೇಕು ಅಂತ ಮಾತಾಡಿಕೊಳ್ರಿ. ಆರ್‌ಟಿಓಗೆ ಮಾರಾಟದ ತಿಳಿವಳಿಕೆಯನ್ನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ರಿ. ಇದು ವರ್ಗಾವಣೆಗೆ ಬದಲಿ ಅಲ್ಲ, ಆದರೆ ನಿಮ್ಮ ಕೈಯಲ್ಲಿ ಒಂದು ಪುರಾವೆ. ಗಾಡಿಯನ್ನ ಟಾಟಾ ಏಸ್‌ನಲ್ಲಿ ಹಾಕಿಕೊಂಡೇ ಹೋಗಲಿ. "ಓಡಿಸ್ಕೊಂಡು ಹೋಗ್ತೀನಿ" ಅಂದ್ರೆ ಬೇಡ ಅನ್ರಿ.

ಐದು, ಹೊಸ ಹೆಸರಿನ ಆರ್‌ಸಿ ಆಯ್ತಾ ಅಂತ ಆ್ಯಪ್‌ನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳೋ ತನಕ ವ್ಯವಹಾರ ಮುಗಿದಿಲ್ಲ.

ಗ್ಯಾರೇಜ್, ಗುಜರಿ ಅಂಗಡಿಯವರಿಗೆ

ಕೊಳ್ಳೋ ಕಡೆಯವರಿಗೂ ಇದರಲ್ಲಿ ಅಪಾಯ ಇದೆ. ಕಾಗದ ಇಲ್ಲದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಇಟ್ಟುಕೊಂಡು, ಅದು ಕಳವು ಮಾಲು ಅಂತ ಆದರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಬರ್ತದೆ. ಕಳವಿನದು ಅಂತ ಗೊತ್ತಿದ್ದೂ, ಅಥವಾ ಹಂಗೆ ನಂಬೋಕೆ ಕಾರಣ ಇದ್ದೂ ಇಟ್ಟುಕೊಂಡರೆ 3 ವರ್ಷದ ತನಕ ಜೈಲು. ಮಾರಿದವರ ಗುರುತಿನ ಚೀಟಿ, ಆರ್‌ಸಿ ಪ್ರತಿ, ತಾರೀಖು ಹಾಕಿದ ರಸೀದಿ ಫೈಲಿನಲ್ಲಿದ್ದರೆ ಪೊಲೀಸರು ಬಂದಾಗ ತೋರಿಸೋಕೆ ಏನಾದರೂ ಇರ್ತದೆ.

ಇನ್ನು ಗಾಡಿ ನಿಜವಾಗಿ ಮುಗಿದಿದೆ, ಚಾಸಿಯೇ ತುಕ್ಕು ತಿಂದಿದೆ ಅಂದ್ರೆ ಗುಜರಿಗೆ ಹಾಕೋದು ತಪ್ಪಲ್ಲ. ಆದರೆ ತೂಗಿ ಕೊಟ್ಟ ಮಾತ್ರಕ್ಕೆ ಆರ್‌ಸಿ ಸಾಯಲ್ಲ. ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ ಮಾಲೀಕರು 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಮಾಡದಿದ್ದರೆ ನಿಮ್ಮ ನಂಬರ್ ಪ್ಲೇಟ್ ಬೇರೆ ಗಾಡಿ ಮೇಲೆ ಓಡಾಡಬಹುದು. ಸರ್ಕಾರದ ನೋಂದಣಿ ಇರೋ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಪ್ರಮಾಣಪತ್ರ ಕೊಡ್ತಾರೆ. ಊರ ಗುಜರಿಯವರು ಅದನ್ನ ಕೊಡಲ್ಲ.

ಕೊನೆಗೆ ಒಂದು ಮಾತು. ಕರಾವಳಿಯ ಉಪ್ಪು ಗಾಳಿಯಲ್ಲಿ ಕಬ್ಬಿಣ ಬೇಗ ಕೊಳೀತದೆ, ನಮ್ಮ ಯಲಬುರ್ಗಾ, ಕುಷ್ಟಗಿ ಕಡೆಯ ಒಣ ಹವೆಯಲ್ಲಿ ಅಷ್ಟು ಬೇಗ ಕೊಳೆಯಲ್ಲ. ಇಷ್ಟು ವರ್ಷ ನಿಂತ ಗಾಡಿ ಇನ್ನೊಂದು ತಿಂಗಳು ನಿಂತರೆ ಏನೂ ಕಳಕೊಳ್ಳಲ್ಲ. ಆ ಒಂದು ತಿಂಗಳಲ್ಲಿ ಟ್ರಂಕ್ ತೆಗೆದು ಆರ್‌ಸಿ ಹುಡುಕ್ರಿ, ಆರ್‌ಟಿಓಗೆ ಒಮ್ಮೆ ಹೋಗಿ ಬರ್ರಿ, ಹಳೇ ಮೇಸ್ತ್ರಿಗೆ ತೋರಿಸ್ರಿ. ಆಮೇಲೆ ಗಿರಾಕಿ ಜೊತೆ ಮಾತಿಗೆ ಕೂತ್ಕೊಳ್ರಿ.